ಕಡಿಮೆ ಖರ್ಚಿನಲ್ಲಿ ಕಡಲು

ಪ್ರಶ್ನೆ: ನಾವು ಮೈಸೂರಿನ 12 ವಿದ್ಯಾರ್ಥಿಗಳು. ಎರಡು ದಿನದಲ್ಲಿ, ಕಡಿಮೆ ದುಡ್ಡಿನಲ್ಲಿ ಕಡಲು ನೋಡಿ ಬರುವುದು ಹೇಗೆ?

ಉತ್ತರ: ಮಲ್ಪೆಗೆ ಹೋಗಿ. ಬೆಂಗಳೂರು–ಮುರ್ಡೇಶ್ವರ ರೈಲು ಮೈಸೂರಿನ ಮೇಲೇ ಹೋಗುತ್ತದೆ. ರಾತ್ರಿ ಸ್ಲೀಪರ್‌ನಲ್ಲಿ ಮಲಗಿದರೆ ಒಂದು ದಿನದ ರೂಮ್ ಬಾಡಿಗೆ ಉಳಿಯಿತು. ಮರುದಿನ ಉಡುಪಿಯಲ್ಲಿ ಇಳಿಯಿರಿ. ಎಡವುವುದು ಟಿಕೆಟ್ಟಿನಲ್ಲೇ. ಆನ್‌ಲೈನ್‌ನಲ್ಲಿ ಒಂದು ಪಿಎನ್‌ಆರ್‌ಗೆ, ಅಂದರೆ ಒಂದು ಟಿಕೆಟ್ ನಂಬರಿಗೆ, ಆರೇ ಜನ, ಹಾಗಾಗಿ ಎರಡು ಟಿಕೆಟ್ ಬೇಕು. 60 ದಿನ ಮೊದಲೇ ಬುಕಿಂಗ್ ತೆರೆಯುತ್ತದೆ, ಅಂದೇ ಮಾಡಿಸಿ. ಚಾರ್ಟ್ (ಸೀಟು ಹಂಚಿಕೆಯ ಅಂತಿಮ ಪಟ್ಟಿ) ಆದ ಮೇಲೂ ಪೂರ್ತಿ ವೇಟಿಂಗ್‌ನಲ್ಲೇ ಉಳಿದ ಇ-ಟಿಕೆಟ್ ತಾನಾಗಿ ರದ್ದಾಗುತ್ತದೆ.

ಉಡುಪಿ ಪೇಟೆಯಿಂದ ಮಲ್ಪೆ ಸುಮಾರು 6 ಕಿ.ಮೀ. ಖಾಸಗಿ ಸಿಟಿ ಬಸ್ಸು ಸಾಕು, ಆದರೆ ಹುಡುಗಿಯರೇ, ಅದರಲ್ಲಿ ‘ಶಕ್ತಿ’ ನಡೆಯದು! ಮಧ್ಯಾಹ್ನ ಕೃಷ್ಣಮಠದಲ್ಲಿ ಊಟ ಉಚಿತ. ಮಳೆಗಾಲ ಬೇಡ, ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವ ಬೋಟು ಆಗ ಬಂದ್.