ಹುಡುಗಿಯರು ಚೆಂಡು ಹಿಡಿದು ನನ್ನ ಮುಖ ನೋಡುತ್ತಾರೆ

ಪ್ರಶ್ನೆ: ಸೇನೆಯಲ್ಲಿ ಹದಿನೇಳು ವರ್ಷ ಇದ್ದು ಹವಾಲ್ದಾರ್ ಆಗಿ ನಿವೃತ್ತನಾದೆ. ಈಗ ಊರಿನ ಹೈಸ್ಕೂಲ್ ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತಿದ್ದೇನೆ. ಶಿಸ್ತೇನೋ ಬಂದಿದೆ. ಆದರೆ ಪಂದ್ಯದಲ್ಲಿ ಚೆಂಡು ಕೈಗೆ ಬಂದ ಕೂಡಲೇ ನನ್ನ ಮುಖ ನೋಡುತ್ತಾರೆ. ಕೂಗಿದರೆ ಇನ್ನೂ ಗಾಬರಿಯಾಗುತ್ತಾರೆ. ಮೂವರು ಬರುವುದನ್ನೇ ಬಿಟ್ಟರು. ಸೇನೆಯಲ್ಲಿ ಕಲಿತದ್ದು ಇಲ್ಲಿ ನಡೆಯುವುದಿಲ್ಲವೇ?
– ಓದುಗರು, ಹಾಸನ ಜಿಲ್ಲೆ

ಉತ್ತರ: ಖಂಡಿತ ನಡೆಯುತ್ತದೆ ಸರ್. ಆದರೆ ನೀವು ಪರೇಡ್ ಮೈದಾನದ ಪಾಠ ಮಾತ್ರ ತಂದಿದ್ದೀರಿ ಅನ್ನಿಸುತ್ತದೆ. ಗಸ್ತಿಗೆ ಹೊರಟ ದಿನಗಳನ್ನು ನೆನಪಿಸಿಕೊಳ್ಳಿ. ಎಲ್ಲಿಗೆ, ಯಾಕೆ ಅನ್ನುವುದನ್ನು ಹೊರಡುವ ಮುಂಚೆಯೇ ಹೇಳಿರುತ್ತಿದ್ದರು. ದಾರಿಯಲ್ಲಿ ಎದುರಾದದ್ದಕ್ಕೆ ಆ ಚಿಕ್ಕ ತುಕಡಿಯ ನಾಯಕ, ಅಂದರೆ ಸೆಕ್ಷನ್ ಕಮಾಂಡರೇ ತೀರ್ಮಾನ ಮಾಡಬೇಕು. ಹೆಜ್ಜೆಹೆಜ್ಜೆಗೂ ಹುಕುಂ ಕಾಯುತ್ತಾ ನಿಂತರೆ ಕೆಲಸ ಕೆಟ್ಟಂತೆಯೇ, ಅಲ್ವಾ?

ಬ್ಯಾಸ್ಕೆಟ್‌ಬಾಲ್ ಕೂಡ ಗಸ್ತಿನಂಥದ್ದೇ. ಅಂತರರಾಷ್ಟ್ರೀಯ ನಿಯಮದಲ್ಲಿ ಪಂದ್ಯ 40 ನಿಮಿಷ. ಚೆಂಡು ಸಿಕ್ಕ ತಂಡ 24 ಸೆಕೆಂಡಿನೊಳಗೆ ಬುಟ್ಟಿಯತ್ತ ಎಸೆಯಬೇಕು. ಆಟ ನಿಲ್ಲಿಸಿ ತಂಡದ ಜೊತೆ ಮಾತಾಡಲು ಕೋಚ್ ಕೈಯಲ್ಲಿರುವುದು ಒಂದೊಂದು ನಿಮಿಷದ ಐದು ಟೈಮ್‌ಔಟ್. ಆಟ ಓಡುವಾಗ ತೀರ್ಮಾನ ಮಕ್ಕಳದೇ.

ಅಮೆರಿಕದ ಮೈಕ್ ಶಶೆಫ್ಸ್ಕಿ ಅವರನ್ನು ನೋಡಿ. ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಓದಿ, 1969ರಿಂದ ಐದು ವರ್ಷ ಸೇನಾಧಿಕಾರಿಯಾಗಿದ್ದವರು. ಆಮೇಲೆ ಬ್ಯಾಸ್ಕೆಟ್‌ಬಾಲ್ ಕೋಚ್ ಆಗಿ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಐದು ರಾಷ್ಟ್ರೀಯ ಪ್ರಶಸ್ತಿ, ದೇಶಕ್ಕೆ ಮೂರು ಒಲಿಂಪಿಕ್ ಚಿನ್ನ ತಂದರು. ಅಕಾಡೆಮಿಯ ಮೊದಲ ವರ್ಷದ ಒಂದು ಘಟನೆಯನ್ನು ಅವರು ಹೇಳುತ್ತಾರೆ. ಜೊತೆಗಾರನ ಕಾಲು ಕೆಸರಿಗೆ ಬಿದ್ದು ಇವರ ಬೂಟಿಗೆ ರಾಡಿ ಸಿಡಿಯಿತು. ಸೀನಿಯರ್ ತಡೆದು ಕೇಳಿದಾಗ ಕಾರಣ ಹೇಳುವ ಹಾಗಿಲ್ಲ. 'ನೆಪ ಏನೂ ಇಲ್ಲ ಸರ್' ಅನ್ನಬೇಕು, ಅಷ್ಟೇ. ಮೊದಲು ಜೊತೆಗಾರನ ಮೇಲೆ ಸಿಟ್ಟು ಬಂತು. ಆಮೇಲೆ ಹೊಳೆಯಿತು, ವಾಪಸ್ ಹೋಗಿ ಬೂಟು ಬದಲಿಸಬಹುದಿತ್ತಲ್ಲ ಅಂತ.

ನೆಪ ಹೇಳದೆ ಹೊಣೆ ಹೊರುವ ಈ ಪಾಠವನ್ನು ಮಕ್ಕಳ ಮೇಲೆ ಹೇರಬೇಡಿ. ಮೊದಲು ನಿಮಗೇ ಅನ್ವಯಿಸಿಕೊಳ್ಳಿ. ಸೋತ ದಿನ 'ಡಿಫೆನ್ಸ್ ಸರಿಯಾಗಿ ಹೇಳಿಕೊಟ್ಟಿರಲಿಲ್ಲ, ತಪ್ಪು ನಂದು' ಅಂದು ನೋಡಿ. ಕೋಚೇ ಹಾಗಂದರೆ ಹುಡುಗಿಯರು ತಮ್ಮ ತಪ್ಪನ್ನೂ ಹೆದರದೆ ಒಪ್ಪಿಕೊಳ್ಳುತ್ತಾರೆ. ಶಶೆಫ್ಸ್ಕಿ ತಮ್ಮ ಆಟಗಾರರಿಗೆ ಸದಾ ಹೇಳುತ್ತಿದ್ದುದು 'ಮುಂದಿನ ಆಟ' ಎಂಬ ಎರಡೇ ಪದ. ಪಾಸ್ ತಪ್ಪಿತೇ, ಬಿಡು, ಈಗ ಓಡಿ ಡಿಫೆನ್ಸ್‌ಗೆ ಬಾ. ಗಾಬರಿಯಾಗುವ ಮಕ್ಕಳಿಗೆ ಇದು ತುಂಬಾ ಬೇಕು.

ಅಭ್ಯಾಸದಲ್ಲಿ ದಿನಾ ಹತ್ತು ನಿಮಿಷ ಐದೈದು ಜನರ ಆಟ ಬಿಡಿ, ನೀವು ಬಾಯಿಯೇ ತೆರೆಯಬೇಡಿ. ಕೂಗಿ ಹೇಳುವ ಕೆಲಸ ಒಬ್ಬ ಹುಡುಗಿಗೆ ಕೊಡಿ, ವಾರಕ್ಕೊಬ್ಬಳಂತೆ. ಮೊದಮೊದಲು ಆಟ ಕಲಸುಮೇಲೋಗರ ಆಗುತ್ತದೆ. ತಡೆದುಕೊಳ್ಳಿ.

ಪಂದ್ಯ ಮುಗಿದ ಮೇಲೆ ಸುತ್ತ ಕೂರಿಸಿ. ಏನು ಮಾಡಬೇಕು ಅಂದುಕೊಂಡಿದ್ದೆವು, ಏನಾಯಿತು, ಯಾಕಾಯಿತು, ನಾಳೆ ಏನು ಬದಲಿಸೋಣ ಅಂತ ಕೇಳಿ. ಕಾರ್ಯಾಚರಣೆ ಮುಗಿದ ಮೇಲೆ ಸೈನ್ಯದಲ್ಲಿ ಕೇಳುವುದೂ ಇದನ್ನೇ. ಚಿಕ್ಕವಳು ಮೊದಲು ಮಾತಾಡಲಿ. ನಿಮ್ಮ ಮಾತು ಕೊನೆಗೆ.

ಇದಕ್ಕೆಲ್ಲ ಮುಂಚೆ ಆ ಮೂವರ ಮನೆಗೆ ಹೋಗಿ ಬನ್ನಿ ಸರ್. ಬಿಟ್ಟದ್ದು ಯಾಕೆ ಅಂತ ಕೇಳಿ, ಅವರು ಹೇಳಿ ಮುಗಿಸುವ ತನಕ ಸುಮ್ನೆ ಕೂತು ಕೇಳಿಸಿಕೊಳ್ಳಿ.