ಜಾನ್ ಕ್ರಿಸೋಸ್ಟಮ್ ಅವರಿಂದ ಇಂದಿನ ಪಾಸ್ಟರ್‌ಗಳು ಏನು ಕಲಿಯಬಹುದು?

‘ಚಿನ್ನದ ಬಾಯಿ’ ಅಂತ ಹೆಸರಾದ ಈ ಪ್ರಸಂಗಿಯಿಂದ, ಮಾತುಗಾರಿಕೆ ಬಿಟ್ಟು ಕಲಿಯೋದು ಏನಿದೆ ಅಂತ ಕೇಳಿದ್ದೀರಿ. ಇದೆ. ಜನ ಹೆದರಿ ಕೂತಾಗ ಅವರ ಜೊತೆ ಇರೋದು ಹೇಗೆ ಅನ್ನೋದನ್ನು ನಾನು ಅವರಿಂದಲೇ ಕಲಿತೆ.

ಕ್ರಿ.ಶ. 387ರಲ್ಲಿ, ಕ್ರಿಸೋಸ್ಟಮ್ ಸೇವೆ ಮಾಡುತ್ತಿದ್ದ ರೋಮನ್ ಸಾಮ್ರಾಜ್ಯದ ಅಂತಿಯೋಕ್ಯ ಪಟ್ಟಣದ ಮೇಲೆ ಹೊಸ ತೆರಿಗೆ ಬಿತ್ತು. ಜನ ರೊಚ್ಚಿಗೆದ್ದು ಚಕ್ರವರ್ತಿ ಥಿಯೊಡೋಸಿಯಸ್ ಮತ್ತು ಅವನ ಮನೆಯವರ ಪ್ರತಿಮೆಗಳನ್ನು ಕೆಡವಿದರು. ಅದು ರಾಜದ್ರೋಹ. ಸಿಟ್ಟು ಇಳಿದ ಮೇಲೆ ಊರಿಗೆ ಊರೇ ನಡುಗಿತು. ಕೆಲವರಿಗೆ ಮರಣದಂಡನೆ ಆಯಿತು, ಎಷ್ಟೋ ಜನ ಊರು ಬಿಟ್ಟು ಓಡಿದರು. ವಯಸ್ಸಾದ ಬಿಷಪ್ ಫ್ಲೇವಿಯನ್ ಕ್ಷಮೆ ಬೇಡಲು ಚಕ್ರವರ್ತಿಯಿದ್ದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೆ ಹೊರಟರು. ಹಿಂದೆ ಉಳಿದವರನ್ನು ಸಂತೈಸುವ ಕೆಲಸ ಕ್ರಿಸೋಸ್ಟಮ್ ಮೇಲೆ ಬಿತ್ತು. ಅವರು ಪಾದ್ರಿಯಾಗಿದ್ದು ಹಿಂದಿನ ವರ್ಷವಷ್ಟೇ.

ಅವರು ತಕ್ಷಣ ಪ್ರಸಂಗಕ್ಕೆ ನಿಲ್ಲಲಿಲ್ಲ. ಬೈಬಲ್‌ನಲ್ಲಿ ಕಷ್ಟಕ್ಕೆ ಸಿಕ್ಕ ಯೋಬನ ಜೊತೆ ಮೌನವಾಗಿ ಕೂತ ಗೆಳೆಯರ ಹಾಗೆ ಏಳು ದಿನ ಸುಮ್ಮನಿದ್ದೆ ಅಂತ ಅವರೇ ಹೇಳುತ್ತಾರೆ. ಆಮೇಲೆ ಲೆಂಟ್ ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ ಉದ್ದಕ್ಕೂ ಮಾತಾಡಿದರು. ಧೈರ್ಯ ಹೇಳಿದರು, ಜೊತೆಗೆ ಆಣೆ ಇಡೋ ಚಾಳಿ ಬಿಡಿ ಅಂತ ಮತ್ತೆ ಮತ್ತೆ ಹೇಳಿದರು. ಸಾವಿನ ಭಯದಲ್ಲಿ ಇರೋರಿಗೆ ಇದು ತೀರಾ ಸಣ್ಣ ವಿಷಯ ಅಲ್ವಾ ಅನ್ನಿಸಬಹುದು. ಆದರೆ ಚಕ್ರವರ್ತಿಯ ತೀರ್ಪು ಆ ಜನರ ಕೈಯಲ್ಲಿರಲಿಲ್ಲ, ತಮ್ಮ ನಾಲಿಗೆ ಮಾತ್ರ ಅವರ ಹಿಡಿತದಲ್ಲಿತ್ತು. ಹೆದರಿದ ಜನಕ್ಕೆ ಕ್ರಿಸೋಸ್ಟಮ್ ಮಾಡಲು ಒಂದು ಕೆಲಸ ಕೊಟ್ಟರು. ಅವರ ಇಡೀ ಸೇವೆಯಲ್ಲಿ ನನಗೆ ಜಾಸ್ತಿ ಇಷ್ಟವಾಗೋದು ಇದೇ. ಈಸ್ಟರ್ ಹೊತ್ತಿಗೆ ಕ್ಷಮೆ ಸಿಕ್ಕಿತು.

398ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಬಿಷಪ್ ಆದಾಗ ತಮ್ಮ ಮನೆಯ ದುಂದುವೆಚ್ಚ ನಿಲ್ಲಿಸಿ ಆ ಹಣವನ್ನು ಆಸ್ಪತ್ರೆಗೆ ಕೊಟ್ಟರು. ಹೊರಗೆ ಬಡವರ ರೂಪದಲ್ಲಿ ಕ್ರಿಸ್ತ ಹಸಿದು ಕೂತಿರುವಾಗ ಬಲಿಪೀಠದ ಮೇಲೆ ಚಿನ್ನದ ಬಟ್ಟಲು ಯಾಕೆ ಅಂತ ಮತ್ತಾಯನ ಸುವಾರ್ತೆಯ ಪ್ರಸಂಗವೊಂದರಲ್ಲಿ ಕೇಳಿದ್ದರು. ಅದೇ ಮಾತಿಗೆ ತಕ್ಕ ಹಾಗೆ ನಡೆದುಕೊಂಡರು. ಶ್ರೀಮಂತರ ಆಡಂಬರವನ್ನು ಟೀಕಿಸಿ ರಾಣಿ ಯುಡೋಕ್ಸಿಯಾಳ ಕೋಪಕ್ಕೂ ಗುರಿಯಾದರು. 404ರಲ್ಲಿ ಗಡಿಪಾರು. ಅಲ್ಲಿಂದಲೂ, ತಮಗೇ ಆರೋಗ್ಯ ಸರಿಯಿಲ್ಲದಿದ್ದಾಗಲೂ, ಒಲಿಂಪಿಯಾಸ್ ಎಂಬ ಸಭಾಸೇವಕಿಗೆ ಸಾಂತ್ವನದ ಪತ್ರ ಬರೆದರು. 407ರಲ್ಲಿ ಇನ್ನೂ ದೂರಕ್ಕೆ ಸಾಗಿಸುವಾಗ ದಾರಿಯಲ್ಲೇ ತೀರಿಕೊಂಡರು.

ಒಂದನ್ನು ಮುಚ್ಚಿಡಬಾರದು. ಯೆಹೂದ್ಯರ ವಿರುದ್ಧ ಅವರು ಮಾಡಿದ ಪ್ರಸಂಗಗಳು ಕ್ರೂರವಾಗಿವೆ. ಮುಂದೆ ದ್ವೇಷ ಹಬ್ಬಿಸುವವರು ಅವನ್ನೇ ಬಳಸಿಕೊಂಡರು. ಯಾವ ಪಾಸ್ಟರ್ ಕೂಡ ಅದನ್ನು ಅನುಸರಿಸಬಾರದು.

ನೀವೇ ಸೇವೆಗೆ ಇಳಿಯುವ ಯೋಚನೆಯಲ್ಲಿದ್ದರೆ, ಯಾಜಕರ ಕೆಲಸದ ಬಗ್ಗೆ ಅವರು ಬರೆದ ಆರು ಭಾಗಗಳ ಪುಸ್ತಕದಲ್ಲಿ ಐದನೆಯದನ್ನು ಮೊದಲು ಓದಿ. ಪ್ರಸಂಗಿ ಹೊಗಳಿಕೆಗೆ ಆಸೆಪಡಬಾರದು, ಮಾತು ಚೆನ್ನಾಗಿ ಬರುವವನು ಉಳಿದವರಿಗಿಂತ ಜಾಸ್ತಿ ತಯಾರಿ ಮಾಡಬೇಕು ಅಂತ ಅಲ್ಲಿ ಬಿಡಿಸಿ ಹೇಳಿದ್ದಾರೆ.