ಕೂತಲ್ಲಿಂದ ಏಳುವ ಶಕ್ತಿ

ಪತ್ರ: ಅರವತ್ತು ದಾಟಿದವರೂ ಭಾರ ಎತ್ತಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನನಗೀಗ 68. ದಿನಾ ಬೆಳಿಗ್ಗೆ ಒಂದು ಗಂಟೆ ನಡೆಯುತ್ತೇನೆ, ಅಷ್ಟು ಸಾಲದೆ? ಮಕ್ಕಳಂತೂ ಒಂದು ಬಕೆಟ್ ನೀರು ಎತ್ತಲೂ ಬಿಡುವುದಿಲ್ಲ. ವಯಸ್ಸಾದವರಿಗೆ ಇಂಥದ್ದನ್ನೆಲ್ಲ ಹೇಳಿಕೊಡುವುದು ಸರಿಯೆ?
– ನಿವೃತ್ತ ಶಿಕ್ಷಕರೊಬ್ಬರು

ಉತ್ತರ: ಮೇಷ್ಟ್ರೇ, ನಿಮ್ಮ ನಡಿಗೆಗೆ ನಮಸ್ಕಾರ. ಹೃದಯಕ್ಕೆ, ನಿದ್ದೆಗೆ, ಮನಸ್ಸಿಗೆ ಅದು ಒಳ್ಳೆಯದೇ, ಬಿಡಬೇಡಿ. ಆದರೆ ಅಷ್ಟೇ ಸಾಕು ಎಂಬ ಮಾತನ್ನು ನಾನು ಒಪ್ಪಲಾರೆ.

‘ವಾಕಿಂಗ್ ಮಾಡ್ತೀನಲ್ಲ’ ಎನ್ನುವವರು ತಗ್ಗಿನ ಸೋಫಾದಿಂದ ಏಳುವುದನ್ನು ಒಮ್ಮೆ ಗಮನಿಸಿ. ಎರಡೂ ಅಂಗೈ ಮಂಡಿಯ ಮೇಲೆ ಊರುತ್ತಾರೆ, ಮುಂದಕ್ಕೆ ಬಾಗುತ್ತಾರೆ, ಆಗದೆ ಹಿಂದಕ್ಕೆ ಕೂರುತ್ತಾರೆ. ಎರಡನೆಯ ಸಲ ಉಸಿರು ಬಿಗಿಹಿಡಿದು ಎದ್ದು, ಕಾಲು ನೆಲೆಗೊಳ್ಳುವ ತನಕ ಏನನ್ನಾದರೂ ಹಿಡಿದು ನಿಲ್ಲುತ್ತಾರೆ. ಕೂರುವಾಗಲೂ ಅಷ್ಟೇ, ಕೊನೆಯ ಅರ್ಧ ಅಡಿ ಧೊಪ್ಪನೆ ಬೀಳುವುದೇ. ‘ಮಂಡಿ ಸವೆದಿದೆ’ ಎಂದು ಎಣ್ಣೆ ತಿಕ್ಕುತ್ತಾರೆ. ಎಷ್ಟೋ ಸಲ ಸೋತಿರುವುದು ಮಂಡಿಯಲ್ಲ, ತೊಡೆಯ ಸ್ನಾಯು.

ಮೂವತ್ತರ ನಂತರ ಸ್ನಾಯು ಸದ್ದಿಲ್ಲದೆ ಕರಗತೊಡಗುತ್ತದೆ, ಅರವತ್ತರ ಮೇಲೆ ಬೇಗ ಬೇಗ. ಅದರಲ್ಲೂ ಹೆಚ್ಚು ಸೊರಗುವುದು ಚುರುಕಾಗಿ ಸೆಟೆಯುವ ಎಳೆಗಳು. ಎಡವಿದಾಗ ಕಾಲನ್ನು ತಟ್ಟನೆ ಮುಂದಿಟ್ಟು ನಮ್ಮನ್ನು ಉಳಿಸುವುದು ಅವೇ. ಸಮತಟ್ಟು ದಾರಿಯ ನಡಿಗೆ ಅವುಗಳಿಗೆ ಹೆಚ್ಚು ಕೆಲಸ ಕೊಡುವುದಿಲ್ಲ.

ಈ ವಯಸ್ಸಿನಲ್ಲಿ ಆಗುತ್ತದೆಯೇ ಎಂಬ ನಿಮ್ಮ ಸಂಶಯಕ್ಕೆ 1990ರಲ್ಲೇ ಉತ್ತರ ಸಿಕ್ಕಿದೆ. ಅಮೆರಿಕದ ವೈದ್ಯೆ ಮಾರಿಯಾ ಫಿಯಾಟರೋನ್ ಮತ್ತು ಅವರ ಸಂಗಡಿಗರು ವೃದ್ಧಾಶ್ರಮವೊಂದರ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಎಲ್ಲರೂ 86ರಿಂದ 96ರ ವಯಸ್ಸಿನ ಬಡಕಲು ಜೀವಗಳು. ಕೊನೆಯ ತನಕ ಮಾಡಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ಇಬ್ಬರು ಊರುಗೋಲನ್ನೇ ಬಿಟ್ಟರು. ನಿಮಗಿನ್ನೂ 68, ಮೇಷ್ಟ್ರೇ! ಕಲಿಯುವ ವಯಸ್ಸು ಮುಗಿಯಿತು ಎಂದು ಯಾವ ವಿದ್ಯಾರ್ಥಿಯಾದರೂ ಹೇಳಿದ್ದರೆ ನೀವು ಸುಮ್ಮನಿರುತ್ತಿದ್ದಿರಾ?

ಮಕ್ಕಳ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ‘ನೀವು ಸುಮ್ನೆ ಕೂತ್ಕೊಳ್ಳಿ’ ಎನ್ನುವ ಆ ಪ್ರೀತಿ ಮಾಡುವ ನಷ್ಟ ದೊಡ್ಡದು. 1966ರಲ್ಲಿ ಡಲ್ಲಾಸ್‌ನಲ್ಲಿ ಇಪ್ಪತ್ತರ ಹರೆಯದ ಐವರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿದ್ದರು. ಮೂವತ್ತು ವರ್ಷದ ನಂತರ ಅದೇ ಐವರನ್ನು ಪರೀಕ್ಷಿಸಿದಾಗ ಕಂಡದ್ದೇನು? ದುಡಿಯುವ ತ್ರಾಣವನ್ನು ಮೂವತ್ತು ವರ್ಷದ ವಯಸ್ಸಿಗಿಂತ ಆ ಮೂರು ವಾರದ ವಿಶ್ರಾಂತಿಯೇ ಹೆಚ್ಚು ಕಸಿದಿತ್ತು. ಮನೆಯವರು ಹಿರಿಯರ ಕೈಯಿಂದ ಬಕೆಟ್ಟು, ಚೀಲ, ಪೊರಕೆ ಒಂದೊಂದಾಗಿ ಕಿತ್ತುಕೊಳ್ಳುತ್ತಾರೆ, ಆಮೇಲೆ ‘ಅಪ್ಪ ಈಚೆಗೆ ತುಂಬಾ ಇಳಿದುಹೋದರು’ ಎಂದು ಮರುಗುತ್ತಾರೆ.

ಸುಮ್ಮನೆ ಶುರುಮಾಡಿ. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಡಿ, ಕೈ ಊರದೆ ನಿಧಾನವಾಗಿ ಕೂತು ಏಳಿ. ಇಳಿಯುವಾಗ ಇನ್ನೂ ನಿಧಾನ. ಉಸಿರು ಬಿಗಿಹಿಡಿಯಬೇಡಿ. ಅದು ಸಲೀಸಾದ ಮೇಲೆ ಕೈಯಲ್ಲೊಂದು ಭಾರ. ಹೃದಯದ ತೊಂದರೆ ಇದ್ದರೆ ಮೊದಲು ವೈದ್ಯರನ್ನು ಕೇಳಿ. ವಿಶ್ವ ಆರೋಗ್ಯ ಸಂಸ್ಥೆ 65 ದಾಟಿದವರಿಗೆ ಹೇಳುವುದು ವಾರಕ್ಕೆ ಕನಿಷ್ಠ ಎರಡು ದಿನ ಬಲದ ವ್ಯಾಯಾಮ. ಜೊತೆಗೆ ಮೂರು ದಿನವಾದರೂ ಸಮತೋಲನ ಮತ್ತು ಬಲ ಕೂಡಿದ ಚಟುವಟಿಕೆ. ನಡಿಗೆ ಇವುಗಳ ಜೊತೆಗೇ ಹೊರತು ಇವುಗಳ ಬದಲಿಗಲ್ಲ.

ವೈದ್ಯರ ಮೇಲೂ ನನಗೆ ಸಿಟ್ಟಿದೆ. ಹೋದಾಗಲೆಲ್ಲ ಬಿಪಿ ನೋಡುತ್ತಾರೆ, ಸಕ್ಕರೆ ನೋಡುತ್ತಾರೆ. ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಕೂತು ಏಳುತ್ತೀರಿ ಎಂದು ನೋಡಲು ಬೇಕಾದದ್ದು ಒಂದು ಕುರ್ಚಿ, ಒಂದು ಗಡಿಯಾರ. ಅದನ್ನು ಕೇಳಿದ ವೈದ್ಯರನ್ನು ನಾನಿನ್ನೂ ಕಂಡಿಲ್ಲ. ಮುಂದಿನ ಸಲ ಹೋದಾಗ ನೀವೇ ಕೇಳಿ, ಆ ಲೆಕ್ಕವನ್ನೂ ನಿಮ್ಮ ಚೀಟಿಯಲ್ಲಿ ಬರೆಸಿಕೊಳ್ಳಿ.
– ಸಂ.